ಗುಲ್ಮಾರ್ಗೋ ಔಲಿಯೋ: ಮೊದಲ ಸ್ಕೀ ರಜೆಯ ಲೆಕ್ಕಾಚಾರ

ರಜೆ ಎಷ್ಟು ದಿನ ಸಿಕ್ಕಿದೆ ಅನ್ನುವುದನ್ನು ಮೊದಲು ಲೆಕ್ಕ ಹಾಕಿ, ಬೆಟ್ಟದ ಮಾತು ಆಮೇಲೆ. ಬೆಂಗಳೂರಿನಿಂದ ಸ್ಕೀ ಕಲಿಯಲು ಹೊರಡುವವರು ಸಾಮಾನ್ಯವಾಗಿ ಬಂದು ನಿಲ್ಲುವುದು ಕಾಶ್ಮೀರದ ಗುಲ್ಮಾರ್ಗ್ ಮತ್ತು ಉತ್ತರಾಖಂಡದ ಔಲಿ ಎಂಬ ಎರಡು ಹೆಸರುಗಳ ಮುಂದೆ. ಮನಾಲಿ ಪಕ್ಕದ ಸೋಲಂಗ್ ಕೂಡ ಇದೆ, ಆದರೆ ಅಲ್ಲಿ ಸ್ಕೀ ಕಟ್ಟಿಕೊಂಡು ಫೋಟೊ ತೆಗೆಸಿಕೊಳ್ಳುವವರ ಗದ್ದಲವೇ ಜಾಸ್ತಿ.

‘ಔಲಿ ಹೊಸಬರಿಗೆ, ಗುಲ್ಮಾರ್ಗ್ ಪಳಗಿದವರಿಗೆ’ ಅನ್ನುವ ಮಾತು ಎಲ್ಲರ ಬಾಯಲ್ಲೂ ಇದೆ. ಇಳಿಜಾರು ಮಾತ್ರ ನೋಡಿದರೆ ಸರಿ. ದಾರಿ ಸೇರಿಸಿ ನೋಡಿದರೆ ಲೆಕ್ಕ ತಲೆಕೆಳಗಾಗುತ್ತದೆ.

ಶ್ರೀನಗರ ವಿಮಾನ ನಿಲ್ದಾಣದಿಂದ ಗುಲ್ಮಾರ್ಗ್‌ಗೆ 50 ಕಿ.ಮೀ. ಚಿಲ್ಲರೆ. ಕೊನೆಯ 13 ಕಿ.ಮೀ., ಅಂದರೆ ಟಂಗ್‌ಮಾರ್ಗ್‌ನಿಂದ ಮೇಲಿನ ಏರು ಮಾತ್ರ ತಕರಾರಿನದು. ಹಿಮ ಬಿದ್ದ ದಿನ ಚಕ್ರಕ್ಕೆ ಸರಪಳಿ ಕಟ್ಟಿದ ಗಾಡಿ ಅಥವಾ ಫೋರ್ ಬೈ ಫೋರ್ ಬೇಕು. ನಿಮ್ಮ ಟ್ಯಾಕ್ಸಿ ಟಂಗ್‌ಮಾರ್ಗ್‌ನಲ್ಲೇ ನಿಂತುಬಿಡಬಹುದು. ಹಾಗಾಗಿ ಬಾಡಿಗೆ ಮಾತಾಡುವಾಗಲೇ ‘ಗುಲ್ಮಾರ್ಗ್ ಹೋಟೆಲ್ ಬಾಗಿಲವರೆಗಾ, ಟಂಗ್‌ಮಾರ್ಗ್‌ವರೆಗಾ’ ಎಂದು ಕೇಳಿಕೊಳ್ಳಿ. ಹೇಗಿದ್ದರೂ ಬೆಳಿಗ್ಗೆ ವಿಮಾನ ಇಳಿದವರು ಸಂಜೆಯೊಳಗೆ ಹಿಮದ ಮೇಲೆ ಇರುತ್ತಾರೆ.

ಔಲಿಯ ಕಥೆ ಬೇರೆ. ಡೆಹ್ರಾಡೂನ್‌ನ ಜಾಲಿ ಗ್ರಾಂಟ್ ನಿಲ್ದಾಣದಿಂದ, ಔಲಿ ಬೆಟ್ಟದ ಕೆಳಗಿನ ಊರಾದ ಜೋಶಿಮಠಕ್ಕೆ ಸುಮಾರು 270 ಕಿ.ಮೀ. ಋಷಿಕೇಶ ದಾಟಿದ ಮೇಲೆ ದೇವಪ್ರಯಾಗ, ರುದ್ರಪ್ರಯಾಗ, ಕರ್ಣಪ್ರಯಾಗ ಎಂದು ಪೂರಾ ಬೆಟ್ಟದ ದಾರಿ. ಹತ್ತು ಗಂಟೆ ಹಿಡಿಯುತ್ತದೆ, ಕಲ್ಲು ಜರಿದಿದ್ದರೆ ಇನ್ನೂ ಹೆಚ್ಚು. ರಾತ್ರಿ ಆ ದಾರಿಯಲ್ಲಿ ಹೋಗಬಾರದು, ಆದ್ದರಿಂದ ಒಂದು ರಾತ್ರಿ ಋಷಿಕೇಶದಲ್ಲಿ ಕಳೆಯಲೇಬೇಕು. ಜೋಶಿಮಠದಿಂದ ಮೇಲಕ್ಕೊಯ್ಯುತ್ತಿದ್ದ ಸುಮಾರು 4 ಕಿ.ಮೀ. ಉದ್ದದ ರೋಪ್‌ವೇ, ಊರಿನ ನೆಲ ಕುಸಿಯತೊಡಗಿದ 2023ರ ಜನವರಿಯಲ್ಲಿ ನಿಂತಿತು. ಅದನ್ನು ನಂಬಿ ಯೋಜನೆ ಹಾಕಬೇಡಿ. ಜೀಪಿನಲ್ಲಿ ಹೋಗುವಾಗ ಬಿಸಿಲು ತಾಕದ ತಿರುವುಗಳಲ್ಲಿ ನೀರು ಗಾಜಿನಂತೆ ಹೆಪ್ಪುಗಟ್ಟಿರುತ್ತದೆ. ಒಟ್ಟಾರೆ ಹೋಗಲು ಎರಡು ದಿನ, ಬರಲು ಎರಡು ದಿನ. ವಾರದ ರಜೆಯಲ್ಲಿ ಸ್ಕೀಗೆ ಉಳಿಯುವುದು ಮೂರೇ ದಿನ, ಹೊಸಬರು ಬೀಳುವುದನ್ನು ಬಿಟ್ಟು ಜಾರುವುದನ್ನು ಶುರುಮಾಡುವ ಹೊತ್ತಿಗೆ ಚೀಲ ಕಟ್ಟಬೇಕು.

ಇನ್ನು ಹಿಮ. ಔಲಿಯ ಇಳಿಜಾರು ಸುಮಾರು 2,500ರಿಂದ 3,050 ಮೀಟರ್ ನಡುವೆ. ಗುಲ್ಮಾರ್ಗ್‌ನ ಬಯಲು 2,650 ಮೀಟರ್, ಗೊಂಡೋಲಾ ಎಂಬ ಕೇಬಲ್ ಕಾರಿನ ಮೊದಲ ಹಂತ ಮುಗಿಯುವ ಕೊಂಗ್ಡೂರಿ 3,100ರ ಆಸುಪಾಸು, ಎರಡನೇ ಹಂತ ಅಫರ್ವಾಟ್ ಬೆಟ್ಟದಲ್ಲಿ ಸುಮಾರು 3,950 ಮೀಟರ್‌ವರೆಗೆ. ಚಳಿಗಾಲದ ಮೋಡ ಸ್ವಲ್ಪ ಬೆಚ್ಚಗಿದ್ದರೆ ಕೆಳಗೆ ಮಳೆ, ಮೇಲೆ ಹಿಮ. ಅಂಥ ದಿನ ಔಲಿ ಪೂರ್ತಿ ತೊಯ್ದುಹೋಗಬಹುದು, ಅಫರ್ವಾಟ್‌ನಲ್ಲಿ ಹಿಮವೇ ಬೀಳುತ್ತಿರುತ್ತದೆ. ಆದರೆ ಕಲಿಯುವವರು ಇರುವುದು ಕೆಳಗಿನ ಬಯಲಿನಲ್ಲಿ, 2024ರ ಜನವರಿಯಲ್ಲಿ ಆ ಬಯಲೇ ಬೋಳಾಗಿತ್ತು. 2025ರ ಫೆಬ್ರುವರಿಯಲ್ಲಿ ಖೇಲೋ ಇಂಡಿಯಾ ಕ್ರೀಡಾಕೂಟದ ಗುಲ್ಮಾರ್ಗ್ ಭಾಗವೇ ಹಿಮ ಸಾಲದೆ ಮಾರ್ಚ್‌ಗೆ ಹೋಯಿತು. ಔಲಿಯಲ್ಲಿ ಕೃತಕ ಹಿಮದ ಯಂತ್ರಗಳಿವೆ ಎಂದು ಸಮಾಧಾನಪಡುವ ಹಾಗಿಲ್ಲ, ಅವಕ್ಕೂ ಒಣ ಗಾಳಿ, ಸೊನ್ನೆಗಿಂತ ಕೆಳಗಿನ ಚಳಿ ಬೇಕು. ಜನವರಿ ಕೊನೆಯ ವಾರದಿಂದ ಫೆಬ್ರುವರಿ ಮುಗಿಯುವವರೆಗೆ ದಿನಾಂಕ ಹಿಡಿಯಿರಿ. ರದ್ದು ಮಾಡಿದರೆ ದುಡ್ಡು ವಾಪಸ್ ಬರುವ ಕೋಣೆಯನ್ನೇ ಬುಕ್ ಮಾಡಿ.

ಔಲಿಯ ನಿಜವಾದ ಹೆಚ್ಚುಗಾರಿಕೆ ಬರುವುದು ಮೂರನೇ ದಿನದ ನಂತರ. ಸ್ಕೀಗಳ ಮುಂತುದಿ ಕೂಡಿಸಿ, ಹಿಂಭಾಗ ಅಗಲಿಸಿ ವೇಗ ತಗ್ಗಿಸುವ ಸ್ನೋಪ್ಲೌ ಕೈಗೂಡಿದ ಮೇಲೆ ಬೇಕಾಗುವುದು ಉದ್ದನೆಯ, ಒಂದೇ ಸಮನಾದ ಇಳಿಜಾರು. ಔಲಿಯಲ್ಲಿ ಅದು ಇದೆ, ಎದುರಿಗೆ ನಂದಾದೇವಿಯೂ ಇದೆ. ಗಢವಾಲ್ ಮಂಡಲ ವಿಕಾಸ ನಿಗಮದ 7 ಮತ್ತು 14 ದಿನಗಳ ಕೋರ್ಸ್‌ಗಳಿಗೆ ಈ ಜಾಗ ಹೇಳಿಮಾಡಿಸಿದಂತಿದೆ. ಎರಡು ವಾರ ಬಿಡುವಿದ್ದವರಿಗೆ ನನ್ನ ಮತ ಔಲಿಗೇ. ಒಂದೇ ವಾರ ಅನ್ನುವವರು ಎರಡನೇ ಯೋಚನೆ ಮಾಡದೆ ಗುಲ್ಮಾರ್ಗ್‌ಗೆ ಹೋಗಿ.

ಗುಲ್ಮಾರ್ಗ್‌ನಲ್ಲಿ ಎಡವಟ್ಟಾಗುವುದು ಬಯಲಿನ ಸಣ್ಣ ಇಳಿಜಾರು ಬೇಸರವಾಗಿ ‘ಗೊಂಡೋಲಾ ಹತ್ತೋಣ’ ಅನ್ನಿಸಿದಾಗ. ಎರಡನೇ ಹಂತದ ಮೇಲೆ ಯಂತ್ರದಿಂದ ಸಮ ಮಾಡಿದ ದಾರಿ ಸಿಗುವುದಿಲ್ಲ. ಮೊಣಕಾಲು ಮುಳುಗುವ ಪುಡಿಹಿಮದಲ್ಲಿ ಸ್ನೋಪ್ಲೌ ನಡೆಯುವುದಿಲ್ಲ. ಅಗಲಿಸಿದ ಸ್ಕೀಗಳು ಹಿಮದೊಳಗೆ ಸಿಕ್ಕಿಕೊಂಡು ಆಳು ಮುಂದಕ್ಕೆ ಮುಗ್ಗರಿಸುತ್ತಾನೆ, ಕಳಚಿದ ಸ್ಕೀ ಹಿಮದಡಿ ಹೂತುಹೋಗಿ ಹುಡುಕಾಟ ಶುರು. ಹೊಸಬರು ಮೇಲೆ ಹೋಗಿ ನೋಡಿಕೊಂಡು ಅದೇ ಗೊಂಡೋಲಾದಲ್ಲಿ ಇಳಿದು ಬನ್ನಿ. ಜೋರು ಗಾಳಿಗೆ ಎರಡನೇ ಹಂತ ನಿಲ್ಲಿಸುತ್ತಾರೆ, ಹೊಸ ಹಿಮ ಬಿದ್ದ ಮೇಲೂ ಹಿಮಕುಸಿತದ ಅಪಾಯ ಕಳೆಯುವವರೆಗೆ ತೆರೆಯುವುದಿಲ್ಲ. ಪಳಗಿದವರೂ ಸ್ಕೀ ಗಸ್ತಿನವರು ನೋಡಿಕೊಳ್ಳುವ ಜಾಗದ ಗಡಿ ದಾಟುವುದಾದರೆ, ಹಿಮದಡಿ ಹೂತವರನ್ನು ಪತ್ತೆಹಚ್ಚುವ ಬೀಕನ್ (ಸಂಕೇತ ಕೊಡುವ ಯಂತ್ರ), ಪ್ರೋಬ್ (ಚುಚ್ಚಿ ನೋಡುವ ಉದ್ದ ಕೋಲು), ಸಲಿಕೆ, ಜೊತೆಗೆ ಸ್ಥಳೀಯ ಗೈಡ್ ಇಲ್ಲದೆ ಹೋಗಬಾರದು. ವಿಮೆಯಲ್ಲಿ ಗಡಿಯಾಚೆಯ ಸ್ಕೀಯಿಂಗ್ ಸೇರಿದೆಯೇ ಎಂದೂ ಓದಿ ನೋಡಿ.

ಎಲ್ಲೇ ಹೋದರೂ ಬಾಡಿಗೆ ಅಂಗಡಿಯಲ್ಲಿ ಅರ್ಧ ಗಂಟೆ ಕೂತರೆ ನಷ್ಟವಿಲ್ಲ. ಬೂಟಿನೊಳಗೆ ಒಂದೇ ಜೊತೆ ಕಾಲುಚೀಲ. ಚಳಿಯೆಂದು ಎರಡು ಹಾಕಿದರೆ ರಕ್ತ ಓಡದೆ ಕಾಲು ಇನ್ನೂ ತಣ್ಣಗಾಗುತ್ತದೆ. ಬಕಲ್ ಬಿಗಿದು ನೆಟ್ಟಗೆ ನಿಂತಾಗ ಬೆರಳ ತುದಿ ಮುಂದೆ ತಾಗಬೇಕು, ಮೊಣಕಾಲು ಮುಂದಕ್ಕೆ ಬಗ್ಗಿಸಿದಾಗ ಬಿಡಿಸಿಕೊಳ್ಳಬೇಕು. ಹಿಮ್ಮಡಿ ಮೇಲೇಳುತ್ತಿದ್ದರೆ ಬೂಟು ದೊಡ್ಡದು. ಕಲಿಯುವವರಿಗೆ ಸ್ಕೀ ಗದ್ದದೆತ್ತರ ಸಾಕು. ಅಂಚಿನ ಮೇಲೆ ಹೆಬ್ಬೆರಳ ಉಗುರನ್ನು ಅಡ್ಡಲಾಗಿ ಎಳೆಯಿರಿ, ಉಗುರಿನ ಪುಡಿ ಏಳದಿದ್ದರೆ ಆ ಅಂಚು ಬೆಳಗಿನ ಗಟ್ಟಿ ಹಿಮವನ್ನು ಹಿಡಿಯುವುದಿಲ್ಲ. ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್ ಎಷ್ಟು ಬಲಕ್ಕೆ ಬಿಟ್ಟುಕೊಳ್ಳಬೇಕು ಅನ್ನುವುದನ್ನು ನಿಮ್ಮ ತೂಕ, ಎತ್ತರ, ವಯಸ್ಸು, ಬೂಟಿನ ಅಡಿಯ ಉದ್ದ ನೋಡಿ ತಿರುಗಿಸಿ ಕೊಡಬೇಕು. ಅಂಗಡಿಯವನು ತೂಕವನ್ನೇ ಕೇಳದಿದ್ದರೆ ನೀವೇ ಹೇಳಿ ಮಾಡಿಸಿ. ಬೈಂಡಿಂಗ್ ಬಿಗಿಯಾಗಿದ್ದರೆ ಬಿದ್ದಾಗ ಸ್ಕೀ ಕಳಚದೆ ಮೊಣಕಾಲು ತಿರುಚುತ್ತದೆ.

ಕಾಶ್ಮೀರಕ್ಕೆ ಹೋಗುವವರು ಪೋಸ್ಟ್‌ಪೇಯ್ಡ್ ಸಿಮ್ ಒಯ್ಯಿರಿ, ಹೊರಗಿನ ಪ್ರೀಪೇಯ್ಡ್ ಅಲ್ಲಿ ನಡೆಯುವುದಿಲ್ಲ. ವಾಪಸಿನ ಹಿಂದಿನ ರಾತ್ರಿ ಶ್ರೀನಗರಕ್ಕೆ ಇಳಿದುಬಿಡಿ. ಹಿಮ ಸುರಿದರೆ ಟಂಗ್‌ಮಾರ್ಗ್ ದಾರಿಯೂ ಕಟ್ಟುತ್ತದೆ, ರನ್‌ವೇಯೂ ಮುಚ್ಚುತ್ತದೆ. ಆಫೀಸಿಗೆ ಹೇಳುವಾಗ ಒಂದು ದಿನ ಹೆಚ್ಚಿಗೇ ಕೇಳಿಕೊಂಡಿರಿ.