ಇಂಗ್ಲಿಷ್ ಬರುತ್ತೆ, ಆದ್ರೆ ಮುಂದಕ್ಕೆ ಹೋಗ್ತಿಲ್ಲ ಅನ್ನೋರಿಗೆ

ಓದಿದರೆ ಅರ್ಥವಾಗುತ್ತದೆ. ಆಫೀಸಿನ ಮೇಲ್ ಬರೆಯುತ್ತೀರಿ. ಮೀಟಿಂಗಿನಲ್ಲಿ ಹೇಗೋ ನಾಲ್ಕು ಮಾತಾಡಿ ಬಚಾವಾಗುತ್ತೀರಿ. ಆದರೆ ವರ್ಷಗಟ್ಟಲೆ ಅಲ್ಲೇ ಇದ್ದೀರಿ, ಅಲ್ವಾ? ಯುರೋಪಿನವರು ಭಾಷೆ ಅಳೆಯಲು ಎ1ರಿಂದ ಸಿ2ವರೆಗೆ ಆರು ಹಂತ ಮಾಡಿದ್ದಾರೆ. ನಡುವಿನ ಬಿ1, ಬಿ2 ಅಂದರೆ ಇದೇ.

ಇಲ್ಲಿ ಸಿಕ್ಕಿಕೊಂಡವರು ಸಾಮಾನ್ಯವಾಗಿ ಇನ್ನೊಂದು ದಪ್ಪ ಗ್ರಾಮರ್ ಪುಸ್ತಕ ಕೊಂಡು, ಮತ್ತೆ ನೌನ್, ಪ್ರೊನೌನ್ ಅಂತ ಶುರು ಮಾಡಿ, ಟೆನ್ಸ್ ಬರುವ ಹೊತ್ತಿಗೆ ಮುಚ್ಚಿಡುತ್ತಾರೆ. ಅದು ಬೇಕಾಗಿಲ್ಲ ಅಂತ ನನ್ನ ಅನಿಸಿಕೆ. ಈ ಹಂತದಲ್ಲಿ ಒಬ್ಬೊಬ್ಬರೂ ಮಾಡುವ ತಪ್ಪುಗಳು ಕೆಲವೇ ಕೆಲವು, ಅವೇ ತಿರುಗಿ ತಿರುಗಿ ಬರುತ್ತವೆ. ಅದರಲ್ಲೂ ಎಷ್ಟೋ ತಪ್ಪುಗಳ ಮೂಲ ನಮ್ಮ ಕನ್ನಡದಲ್ಲೇ ಇದೆ.

"ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ಟೂ ಇಯರ್ಸ್" ತೆಗೆದುಕೊಳ್ಳಿ. ಕನ್ನಡದಲ್ಲಿ ಸೋಮವಾರದಿಂದ ಅಂದರೂ ಎರಡು ವರ್ಷದಿಂದ ಅಂದರೂ ಅದೇ "ಇಂದ". ಇಂಗ್ಲಿಷಿನಲ್ಲಿ ಶುರುವಾದ ದಿನ ಹೇಳಿದರೆ ಸಿನ್ಸ್, ಎಷ್ಟು ಕಾಲ ಅಂತ ಹೇಳಿದರೆ ಫಾರ್. ಕ್ರಿಯಾಪದವೂ "ಹ್ಯಾವ್ ಬೀನ್ ವರ್ಕಿಂಗ್" ಆಗಬೇಕು. "ಐ ಡೋಂಟ್ ನೋ ವಾಟ್ ಈಸ್ ಹಿಸ್ ನೇಮ್" ಕೂಡ ಹೀಗೇ. ನಾವು "ಅವನ ಹೆಸರೇನು" ಅನ್ನುವ ಪ್ರಶ್ನೆಯನ್ನು ಹಾಗೇ ಇಟ್ಟು, ಪಕ್ಕಕ್ಕೆ ಒಂದು "ಅಂತ" ಸೇರಿಸಿ "ಗೊತ್ತಿಲ್ಲ" ಅಂದುಬಿಡುತ್ತೇವೆ. ಇಂಗ್ಲಿಷಿನಲ್ಲಿ ಒಳಗಿನ ಪ್ರಶ್ನೆಯ ಕ್ರಮ ಬದಲಾಗಿ "ವಾಟ್ ಹಿಸ್ ನೇಮ್ ಈಸ್" ಆಗುತ್ತದೆ.

ಅ, ದ ಆರ್ಟಿಕಲ್‌ಗಳು ಕನ್ನಡದಲ್ಲಿ ಇಲ್ಲವೇ ಇಲ್ಲ, ಅದಕ್ಕೇ ಕಷ್ಟ ಅನ್ನುತ್ತಾರೆ. ಅರ್ಧ ಮಾತ್ರ ನಿಜ. "ಅವಳು ಪುಸ್ತಕ ತಂದಳು" ಅಂದರೆ ಯಾವುದೋ ಒಂದು ಪುಸ್ತಕ. "ಅವಳು ಪುಸ್ತಕಾನ ತಂದಳು" ಅಂದರೆ ನಿಮಗೂ ನನಗೂ ಗೊತ್ತಿರುವ, ಮೊದಲೇ ಮಾತಿಗೆ ಬಂದ ಪುಸ್ತಕ. ಮೊದಲನೆಯದು ಅ ಬುಕ್, ಎರಡನೆಯದು ದ ಬುಕ್. ಬರಹದಲ್ಲಿ ಇದು "ಪುಸ್ತಕವನ್ನು" ಆಗುತ್ತದೆ, ಆ "ಅನ್ನು" ಎಲ್ಲೆಂದರಲ್ಲಿ ಬರುತ್ತದೆ, ಅದನ್ನು ನಂಬಬೇಡಿ, ಮನೆಮಾತಿನಲ್ಲಿ ಕಿವಿಗೊಟ್ಟು ನೋಡಿ. ಎಲ್ಲಾ ಕಡೆ ಈ ಲೆಕ್ಕ ಸರಿಹೋಗುವುದಿಲ್ಲ, ಆದರೂ ಸುಮ್ನೆ ನಿಯಮ ಬಾಯಿಪಾಠ ಮಾಡುವುದಕ್ಕಿಂತ ವಾಸಿ.

ಇನ್ನು ಪದಗಳು. ದಿನಕ್ಕೆ ಹತ್ತು ಕಠಿಣ ಪದ ಕಲಿಯಿರಿ ಅನ್ನುವವರ ಮಾತು ಕೇಳಬೇಡಿ. ಢಾಕಾದಲ್ಲಿ ಇಂಗ್ಲಿಷ್ ಶಿಕ್ಷಣದ ಕೆಲಸ ಮಾಡಿದ್ದ ಮೈಕೆಲ್ ವೆಸ್ಟ್ 1953ರಲ್ಲಿ ಸುಮಾರು 2000 ಪದಗಳ ಪಟ್ಟಿ ಹೊರತಂದರು. ಕಲಿಯುವವರಿಗೆ ಜಾಸ್ತಿ ಉಪಯೋಗಕ್ಕೆ ಬರುವ ಪದಗಳು ಅವು. ಅಂಥವನ್ನೇ ಜೊತೆಪದದ ಸಮೇತ ಕಲಿಯಿರಿ. ಕನ್ನಡದಲ್ಲಿ ಸಾಲ ಮಾಡುತ್ತೇವೆ, ಏಟು ತಿನ್ನುತ್ತೇವೆ, ಯಾರೂ ಪಟ್ಟಿ ಕೊಟ್ಟು ಕಲಿಸಲಿಲ್ಲ. ಹಾಗೇ ಅಲ್ಲಿ ಮಿಸ್ಟೇಕ್‌ಗೆ ಮೇಕ್, ಹೋಮ್‌ವರ್ಕ್‌ಗೆ ಡೂ, ಅಟೆನ್ಷನ್‌ಗೆ ಪೇ. ಮಳೆ ಹೆವಿ, ಕಾಫಿ ಸ್ಟ್ರಾಂಗ್. ನೋಟ್‌ಬುಕ್ಕಿನಲ್ಲಿ ಒಂಟಿ ಪದ ಬರೆದು ಎದುರಿಗೆ ಕನ್ನಡ ಅರ್ಥ ಬರೆಯುವ ಬದಲು ಇಡೀ ವಾಕ್ಯವನ್ನೇ ಬರೆದಿಡಿ.

ಅಭ್ಯಾಸಕ್ಕೆ ನನಗೆ ಇಷ್ಟವಾದ ದಾರಿ ಬಹಳ ಹಳೆಯದು. ಮುಂದೆ ಹೆಸರಾಂತ ಬರಹಗಾರನೂ ವಿಜ್ಞಾನಿಯೂ ಆದ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಹುಡುಗನಾಗಿದ್ದಾಗ ಲಂಡನ್ನಿನ ಪತ್ರಿಕೆಯೊಂದರ ಪ್ರಬಂಧಗಳನ್ನು ಓದಿ, ಒಂದೊಂದು ವಾಕ್ಯಕ್ಕೂ ಚಿಕ್ಕ ಟಿಪ್ಪಣಿ ಮಾಡಿಕೊಂಡು, ಕೆಲವು ದಿನ ಬಿಟ್ಟು ಆ ಟಿಪ್ಪಣಿ ನೋಡಿ ಇಡೀ ಪ್ರಬಂಧವನ್ನು ತನ್ನ ಮಾತಿನಲ್ಲಿ ಬರೆದು, ಮೂಲದ ಜೊತೆ ಹೋಲಿಸಿ ತಪ್ಪು ತಿದ್ದಿಕೊಳ್ಳುತ್ತಿದ್ದ. ಇಂಗ್ಲಿಷ್ ಅವನ ಮಾತೃಭಾಷೆ, ಆದರೂ! ನೀವು ಒಂದು ಪ್ಯಾರಾ ಮಾಡಿದರೆ ಸಾಕು. ಹೋಲಿಸಿದಾಗ ಎಲ್ಲೆಲ್ಲಿ ದ ಬಿಟ್ಟಿದ್ದೀರಿ, ಎಲ್ಲಿ ಸುಮ್ನೆ ಒಂದು ಅಬೌಟ್ ಸೇರಿಸಿದ್ದೀರಿ, ಎಲ್ಲಾ ಕಣ್ಣಿಗೆ ಹೊಡೆಯುತ್ತದೆ. ನಾಲ್ಕು ಉತ್ತರದಲ್ಲಿ ಒಂದನ್ನು ಒತ್ತಿಸಿಕೊಳ್ಳುವ ಆ್ಯಪ್‌ಗಳಲ್ಲಿ ಈ ತಪ್ಪು ಸಿಗುವುದೇ ಇಲ್ಲ, ಯಾಕಂದ್ರೆ ಅಲ್ಲಿ ವಾಕ್ಯ ಕಟ್ಟುವವರು ನೀವಲ್ಲ.

ಯಾವ ಪ್ಯಾರಾ? ನಿಮಗೆ ಆಸಕ್ತಿ ಇರುವುದು. ಕ್ರಿಕೆಟ್ ಮ್ಯಾಚಿನ ವರದಿ ಪಾಸ್ಟ್ ಟೆನ್ಸಿಗೆ ಚೆನ್ನಾಗಿರುತ್ತದೆ. ಹೆಡ್‌ಲೈನ್ ಮತ್ತು ಅಡುಗೆ ರೆಸಿಪಿ ಮಾತ್ರ ಬೇಡ. ಜಾಗ ಉಳಿಸಲು ಅಲ್ಲಿ ಅ, ದ ಎಷ್ಟೋ ಸಲ ಕಿತ್ತು ಹಾಕಿರುತ್ತಾರೆ.