ಮನೆಗಿಂತ ಮೊದಲು ಹೊಂಡ

ಕೆನಡಾದ ವಿನಿಪೆಗ್ ಪಕ್ಕದ ನಮ್ಮ ಊರಲ್ಲಿ ಹೊಸ ಬಡಾವಣೆ ಬರುತ್ತಿದೆ. ನಕ್ಷೆ ನೋಡಿ ಬಂದೆ. ಮನೆಗಳಿಗಿಂತ ಮೊದಲು ಮಳೆನೀರು ನಿಲ್ಲಿಸುವ ಹೊಂಡವನ್ನೇ ಗುರುತಿಸಿದ್ದಾರೆ. ಸರಿಯಾಗೇ ಇದೆ. ಇಲ್ಲಿನ ನೆಲ ದೋಸೆ ಕಾವಲಿಯಷ್ಟು ಮಟ್ಟಸ, ಹಿಮಯುಗದ ಅಗಾಸಿಜ್ ಸರೋವರದ ತಳ ಅಲ್ವಾ! ಅಡಿಯಲ್ಲೆಲ್ಲ ಜೇಡಿಮಣ್ಣು, ನೀರು ಬೇಗ ಇಂಗುವುದಿಲ್ಲ. ಏಪ್ರಿಲ್‌ನಲ್ಲಿ ಹಿಮ ಕರಗುವಾಗ ನೆಲ ಇನ್ನೂ ಹೆಪ್ಪುಗಟ್ಟಿರುತ್ತದೆ, ಮೋರಿ ಪೈಪಿನೊಳಗೂ ಐಸ್. ಹೋದ ವರ್ಷ ನಮ್ಮನೆ ಮುಂದಿನ ಮೋರಿಗೆ ಹಬೆ ಬಿಟ್ಟು ಐಸ್ ಕರಗಿಸಬೇಕಾಯಿತು. ಗಳಗಳ ಸದ್ದು ಕೇಳಿದಾಗಲೇ ಸಮಾಧಾನ. ಎರಡು ದಿನ ನೀರು ನಿಂತರೆ ಗೋಧಿ ಹೊಲ ಹೇಗೋ ತಡೆದುಕೊಳ್ಳುತ್ತದೆ, ಬೇಸ್‌ಮೆಂಟ್ ತಡೆಯುವುದಿಲ್ಲ.

ಮಳೆಗಾಲದಲ್ಲಿ ನಮ್ಮಜ್ಜ ಕೊಡೆ ಹಿಡಿದು ಕೆರೆ ಕೋಡಿ ನೋಡಲು ಹೋಗುತ್ತಿದ್ದರು. ನಾನಿಲ್ಲಿ ಗಂಬೂಟು ಹಾಕಿಕೊಂಡು ಸುಮ್ನೆ ಮೋರಿ ಇಣುಕುತ್ತೇನೆ.