ನೋವಿನ ಅಂಕಿ ಸೊನ್ನೆ ಇದ್ದರೂ ಇಸಿಜಿ ಬೇಕು

ನಮ್ಮ ಕ್ಯಾಶುವಾಲ್ಟಿಯ ಟ್ರಯಾಜ್ (ಯಾರನ್ನು ಮೊದಲು ನೋಡಬೇಕು ಅಂತ ವಿಂಗಡಿಸುವ) ಸ್ಕ್ರೀನ್‌ನಲ್ಲಿ ನೋವಿಗೆ 0ಯಿಂದ 10ರೊಳಗೆ ಒಂದು ಅಂಕಿ ಒತ್ತದೆ ಮುಂದಿನ ಪುಟ ತೆರೆಯುವುದಿಲ್ಲ. ಕಾಲು ಮುರಿದುಕೊಂಡು ಬಂದವರಿಗೆ ಇದು ಸರಿ. ಎದೆ ಬಿಗಿತ ಅಂತ ಬಂದವರಿಗೆ ಸರಿಹೋಗುವುದೇ ಇಲ್ಲ. ‘ನೋವಿದೆಯಾ?’ ಅಂದರೆ ಎಷ್ಟೋ ಜನ ‘ಇಲ್ಲ’ ಅಂತಾರೆ. ಅವರಿಗೆ ಆಗುತ್ತಿರುವುದು ಭಾರ, ಹಿಂಡಿದ ಹಾಗೆ, ಉಸಿರು ಪೂರ್ತಿ ಒಳಗೆ ಹೋಗದ ಹಾಗೆ. 0 ಒತ್ತಿದರೆ ಹಸಿರು ಬರುತ್ತದೆ. ಹಸಿರು ಬಂದರೆ ಹೊರಗೆ ಕುರ್ಚಿಯಲ್ಲಿ ಕಾಯಬೇಕು.

ಒಂದು ಸಂಜೆ ಹ್ಯಾಂಡೋವರ್ ನಡೆಯುವಾಗ ಒಬ್ಬ ತಾಯಿಯನ್ನು ಮಗ ಕರೆದುಕೊಂಡು ಬಂದ. ಐವತ್ತು ದಾಟಿದ ವಯಸ್ಸು, ಶುಗರ್ ಇದೆ. “ನೋವೇನಿಲ್ಲ ಸಿಸ್ಟರ್, ಎದೆ ಬಿಗಿದ ಹಾಗಿದೆ ಅಷ್ಟೆ. ಗ್ಯಾಸ್ ಇರಬೇಕು” ಅಂದರು. ಟ್ರಯಾಜ್‌ನಲ್ಲಿದ್ದ ಹೊಸ ಹುಡುಗಿ ಸ್ಕ್ರೀನ್ ಕೇಳಿದ್ದನ್ನೇ ಕೇಳಿದಳು, ಅವರು ಹೇಳಿದ್ದನ್ನೇ ಒತ್ತಿದಳು. ಹಸಿರು. ಅವಳ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟಿರುವುದು ಆ ಸ್ಕ್ರೀನ್ ಮೇಲೆ.

ನಾನು ಆ ಕಡೆ ಹೋದಾಗ ಅವರು ಅಂಗೈಯನ್ನು ಅಗಲವಾಗಿ ಎದೆಯ ಮಧ್ಯಕ್ಕೆ ಒತ್ತಿಕೊಂಡು ಕೂತಿದ್ದರು. ಫ್ಯಾನ್ ಕೆಳಗೆ ಕೂತರೂ ಕುತ್ತಿಗೆ ತುಂಬ ಬೆವರು. ಕೈ ಮುಟ್ಟಿದರೆ ತಣ್ಣಗಿತ್ತು. ತಕ್ಷಣ ಒಳಗೆ ಮಲಗಿಸಿ ಇಸಿಜಿ ತೆಗೆದೆ. ಎದೆಯ ತೊಂದರೆ ಅಂತ ಬಂದವರಿಗೆ 10 ನಿಮಿಷದೊಳಗೆ ಇಸಿಜಿ ಆಗಬೇಕು, ಡಾಕ್ಟರ್ ಅದನ್ನು ನೋಡಿರಬೇಕು. ಅಂಕಿ 0 ಇರಲಿ, 9 ಇರಲಿ.

ಇಸಿಜಿ ಹೆಚ್ಚುಕಡಿಮೆ ನಾರ್ಮಲ್ ಬಂತು. ಅಷ್ಟರಲ್ಲಿ ಅವರಿಗೂ ಸ್ವಲ್ಪ ಹಗುರವಾಗಿತ್ತು. ಕಷ್ಟ ಶುರುವಾಗಿದ್ದು ಇಲ್ಲೇ. ಮಗ ಚಪ್ಪಲಿ ತಂದು ಮಂಚದ ಪಕ್ಕ ಇಟ್ಟ. “ಇಸಿಜಿ ಸರಿ ಇದೆಯಲ್ಲ ಸಿಸ್ಟರ್, ನಾಳೆ ಬಂದು ತೋರಿಸಿದರೆ ಆಗಲ್ವಾ?” ಅಂದ. ಡ್ಯೂಟಿ ಡಾಕ್ಟರ್ 15 ನಿಮಿಷ ಬಿಟ್ಟು ರಿಪೀಟ್ ಮಾಡಲು ಹೇಳಿ ಪಕ್ಕದ ಬೆಡ್‌ಗೆ ಹೋಗಿದ್ದರು. ಆ 15 ನಿಮಿಷ ಅವರನ್ನು ಮಂಚದ ಮೇಲೆ ಉಳಿಸಿಕೊಳ್ಳುವುದು ನನ್ನ ಕೆಲಸ. “ಇಸಿಜಿ ತೋರಿಸುವುದು ಆ ಕ್ಷಣದ್ದು ಮಾತ್ರ. ರಕ್ತನಾಳದಲ್ಲಿ ಗಂಟು ಕಟ್ಟಿದ ರಕ್ತ ಒಮ್ಮೆ ದಾರಿ ಬಿಡುತ್ತದೆ, ಮತ್ತೆ ಮುಚ್ಚುತ್ತದೆ. ಬಿಟ್ಟಾಗ ಆರಾಮ ಅನಿಸುತ್ತದೆ” ಅಂತ ಹೇಳಿದೆ. ಹೃದಯದ ಸ್ನಾಯುವಿಗೆ ಪೆಟ್ಟಾದಾಗ ರಕ್ತದಲ್ಲಿ ಏರುವ ಟ್ರೋಪೋನಿನ್ ಕೂಡ ಮೊದಲ ಗಂಟೆಗಳಲ್ಲಿ ನಾರ್ಮಲ್ ಇರಬಹುದು, ಅದಕ್ಕೇ ಎರಡನೇ ಸಲ ರಕ್ತ ತೆಗೆಯುತ್ತೇವೆ ಅಂತಲೂ ಹೇಳಿದೆ. ಅವನು ಗಡಿಯಾರ ನೋಡುತ್ತಿದ್ದ. ನಾನು ಮಾನಿಟರ್ ನೋಡುತ್ತಿದ್ದೆ.

ರಿಪೀಟ್‌ಗೆ ಲೀಡ್ (ಇಸಿಜಿ ವಯರ್) ಹಾಕುವಾಗಲೇ ಮತ್ತೆ ಬಿಗಿತ ಶುರುವಾಯಿತು. ದವಡೆಗೂ ಹತ್ತಿತು, ವಾಂತಿ ಬಂದ ಹಾಗಾಯಿತು. ಮಗ ಜೇಬಿನಿಂದ ಒಂದು ಮಾತ್ರೆ ತೆಗೆದ. ತಾತನಿಗೆ ಹೃದಯದ ತೊಂದರೆಗೆ ಡಾಕ್ಟರ್ ಕೊಟ್ಟಿದ್ದ, ನಾಲಿಗೆ ಕೆಳಗೆ ಇಡುವ ಮಾತ್ರೆ. ಅವನ ಕೈ ಹಿಡಿದು ನಿಲ್ಲಿಸಿದೆ. ಬಿಪಿ ಮೇಲಿನದ್ದು 90ಕ್ಕೆ ಬಂದಿತ್ತು. ಇಸಿಜಿಯಲ್ಲಿ ಇನ್ಫೀರಿಯರ್ ಲೀಡ್‌ಗಳಲ್ಲಿ ಎಸ್‌ಟಿ ಎಲಿವೇಷನ್, ಅಂದರೆ ಹೃದಯದ ಕೆಳಭಾಗಕ್ಕೆ ರಕ್ತ ನಿಂತಿರುವ ಗುರುತು. ಬಲಗಡೆ ಲೀಡ್ ಹಾಕಿ ನೋಡಿದರೆ ಅಲ್ಲೂ ಇತ್ತು. ಹೃದಯದ ಬಲಭಾಗಕ್ಕೆ ಪೆಟ್ಟಾಗಿರುವಾಗ ಆ ಮಾತ್ರೆ ಕೊಟ್ಟರೆ ಬಿಪಿ ಒಮ್ಮೆಲೇ ಕುಸಿಯಬಹುದು. ಡಾಕ್ಟರ್ ಓಡಿ ಬಂದರು, ರಕ್ತ ಗಂಟು ಕಟ್ಟದಂತೆ ಕೊಡುವ ಔಷಧಿಯ ಲೋಡಿಂಗ್ ಡೋಸ್ (ಮೊದಲ ದೊಡ್ಡ ಡೋಸ್) ಆಯಿತು, ಶಾಕ್ ಕೊಡುವ ಡಿಫಿಬ್ ಪ್ಯಾಡ್ ಅಂಟಿಸಿಕೊಂಡೇ, ಮುಚ್ಚಿದ ರಕ್ತನಾಳ ತೆರೆಯುವ ಕ್ಯಾಥ್ ಲ್ಯಾಬ್‌ಗೆ ಕರೆದೊಯ್ದೆವು. ಬಲಗಡೆಯ ರಕ್ತನಾಳ ಪೂರ್ತಿ ಮುಚ್ಚಿತ್ತು. ಸ್ಟೆಂಟ್ ಹಾಕಿದರು. ಆ ತಾಯಿ ಉಳಿದರು.

ಮುಂದಿನ ಮೀಟಿಂಗ್‌ನಲ್ಲಿ ‘ಎದೆ ಬಿಗಿತ, ಭಾರ’ ಅಂತ ಬೇರೆ ಬಾಕ್ಸ್ ಕೊಡಿ, ಅದನ್ನು ಒತ್ತಿದರೆ ನೇರ ಇಸಿಜಿಗೆ ಹೋಗುವ ಹಾಗೆ ಮಾಡಿ ಅಂತ ಕೇಳಿದೆವು. ಮುಂದಿನ ಅಪ್‌ಡೇಟ್‌ನಲ್ಲಿ ನೋಡೋಣ ಅಂದರು. ಇನ್ನೂ ಬಂದಿಲ್ಲ. ಸದ್ಯಕ್ಕೆ ಸ್ಕ್ರೀನ್ ಅಂಚಿಗೆ ಒಂದು ಚೀಟಿ ಅಂಟಿಸಿದ್ದೇವೆ: ‘ಬೆವರು ಇದೆಯಾ ನೋಡಿ, ಆಮೇಲೆ ಅಂಕಿ ಕೇಳಿ.’

ಎದೆ ಬಿಗಿತವೆಲ್ಲ ಹೃದಯದ್ದೇ ಅಲ್ಲ, ಅದೂ ನಿಜ. ಆಸ್ತಮಾ, ಆಸಿಡಿಟಿ, ಪಕ್ಕೆಲುಬಿನ ಸ್ನಾಯು ಹಿಡಿದಿರುವುದು, ಗಾಬರಿ, ಇವೆಲ್ಲವನ್ನೂ ಇದೇ ಮೇಜಿನಲ್ಲಿ ನೋಡುತ್ತೇವೆ. ಗಾಬರಿಯಲ್ಲಿ ಬೆರಳು ಜುಮ್ಮೆನ್ನುತ್ತದೆ, ಉಸಿರು ಜೋರಾಗುತ್ತದೆ. ಸ್ನಾಯುವಿನದ್ದಾದರೆ ಒತ್ತಿದಾಗ ನೋಯುವುದು ಜಾಸ್ತಿ. ಆದರೆ ಇದನ್ನು ಮನೆಯಲ್ಲಿ ಕೂತು ತೀರ್ಮಾನ ಮಾಡಬೇಡಿ. ಆಸಿಡಿಟಿ ಔಷಧಿ ಕುಡಿದ ಮೇಲೆ ಕಡಿಮೆಯಾಯಿತು ಅಂದ ಮಾತ್ರಕ್ಕೆ ಹೃದಯದ್ದಲ್ಲ ಅಂತ ಆಗುವುದಿಲ್ಲ. ಶುಗರ್ ಇರುವವರು, ವಯಸ್ಸಾದವರು, ಹೆಂಗಸರು, ಇವರಲ್ಲಿ ಬರೀ ಏದುಸಿರು, ವಿಪರೀತ ಸುಸ್ತು, ವಾಕರಿಕೆಯಾಗಿಯೂ ಹೃದಯಾಘಾತ ಬರಬಹುದು.

ಮೆಟ್ಟಿಲು ಹತ್ತಿದಾಗ ಬಿಗಿಯುತ್ತದೆ, ನಿಂತರೆ ಕೆಲವು ನಿಮಿಷದಲ್ಲಿ ಬಿಡುತ್ತದೆ ಅಂದರೆ ಅದು ಆಂಜೈನಾ (ಹೃದಯಕ್ಕೆ ರಕ್ತ ಸಾಲದೆ ಬರುವ ಬಿಗಿತ) ಇರಬಹುದು. ಸುಮ್ನೆ ಮುಂದೂಡದೆ ಬೇಗ ಡಾಕ್ಟರ್‌ಗೆ ತೋರಿಸಿ. ಕಡಿಮೆ ಕೆಲಸಕ್ಕೇ ಬರತೊಡಗಿದರೆ, ಕೂತಾಗಲೂ ಬಂದರೆ, ಎಮರ್ಜೆನ್ಸಿಗೇ ಬನ್ನಿ. ಕೆಲವು ನಿಮಿಷವಾದರೂ ಬಿಡದಿದ್ದರೆ, ಜೊತೆಗೆ ಬೆವರು, ಏದುಸಿರು, ತಲೆಸುತ್ತು ಬಂದರೆ, ತೋಳಿಗೆ, ದವಡೆಗೆ, ಬೆನ್ನಿಗೆ ಹರಡಿದರೆ ಆಂಬುಲೆನ್ಸ್ ಕರೆಯಿರಿ. ಒಂದು ಕಾಲು ಊದಿಕೊಂಡು ಇದ್ದಕ್ಕಿದ್ದ ಹಾಗೆ ಉಸಿರು ಕಟ್ಟಿದರೂ ಅಷ್ಟೇ, ಅದು ಶ್ವಾಸಕೋಶದಲ್ಲಿ ರಕ್ತ ಗಂಟು ಕಟ್ಟಿರುವುದಿರಬಹುದು. ನೀವೇ ಗಾಡಿ ಓಡಿಸಿಕೊಂಡು ಬರಬೇಡಿ. ಹೃದಯದ ಲಯ ದಾರಿಯಲ್ಲೇ ತಪ್ಪಿದರೆ ಶಾಕ್ ಕೊಡುವ ಯಂತ್ರ ಸುಸಜ್ಜಿತ ಆಂಬುಲೆನ್ಸ್‌ನಲ್ಲಿರುತ್ತದೆ, ನಿಮ್ಮ ಗಾಡಿಯಲ್ಲಿರುವುದಿಲ್ಲ.

ಬಂದ ಮೇಲೆ ಅಂಕಿ ಕೇಳಿದರೆ ಹೇಳಿ, ಆದರೆ ಅಲ್ಲಿಗೆ ನಿಲ್ಲಿಸಬೇಡಿ. ಹೇಗೆ ಅನಿಸುತ್ತಿದೆ, ಎಷ್ಟು ಹೊತ್ತಿಗೆ ಶುರುವಾಯಿತು, ಮಧ್ಯೆ ಬಿಟ್ಟಿತ್ತಾ, ಯಾವ ಮಾತ್ರೆ ನುಂಗಿದ್ದೀರಿ, ಇಷ್ಟನ್ನೂ ಹೇಳಿ. ಶುರುವಾದ ಹೊತ್ತು ಗೊತ್ತಿದ್ದರೆ ಎರಡನೇ ಟ್ರೋಪೋನಿನ್ ಯಾವಾಗ ತೆಗೆಯಬೇಕು, ರಕ್ತನಾಳ ತೆರೆಯಲು ಎಷ್ಟು ಸಮಯ ಉಳಿದಿದೆ ಅನ್ನುವುದನ್ನು ಡಾಕ್ಟರ್ ಬೇಗ ಲೆಕ್ಕ ಹಾಕುತ್ತಾರೆ.